ಸರೋವರದ ಕೆಸರಿನ ಪ್ರಾಚೀನ ಡಿಎನ್‌ಎ: ಉಳಿಯುವುದು ಹೇಗೆ, ಬಿಡಿಸುವುದು ಹೇಗೆ

ಬೇರಿಂಗ್ ಸಮುದ್ರದ ನಡುವೆ ಅಲಾಸ್ಕಾಕ್ಕೆ ಸೇರಿದ ಸೇಂಟ್ ಪಾಲ್ ಎಂಬ ಪುಟ್ಟ ದ್ವೀಪವಿದೆ. ಅಲ್ಲಿನ ಮ್ಯಾಮತ್‌ಗಳು (ಆನೆಯ ಬಳಗದ, ಈಗ ಇಲ್ಲದ ಪ್ರಾಣಿಗಳು) ಸುಮಾರು 5,600 ವರ್ಷಗಳ ಹಿಂದೆ ಅಳಿದವು ಎಂದು 2016ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಅದರ ಮುಖ್ಯ ಸಾಕ್ಷಿ ಸರೋವರದ ತಳದಿಂದ ಕೊಳವೆಯಲ್ಲಿ ಎತ್ತಿದ ಕೆಸರಿನ ಕಂಬ. ನೀರು ಕುಡಿಯಲು ಬಂದ ಪ್ರಾಣಿಗಳ ಲದ್ದಿ, ಮೂತ್ರ, ಉದುರಿದ ಕೂದಲು, ಅವುಗಳಲ್ಲಿನ ಡಿಎನ್‌ಎ ಎಲ್ಲವೂ ಕೊನೆಗೆ ಸೇರುವುದು ಅಲ್ಲಿಗೇ.

ಓದುವಾಗ ನಾನು ಎಡವಿದ್ದು ಮೊದಲ ಹೆಜ್ಜೆಯಲ್ಲೇ. ನೀರು ಡಿಎನ್‌ಎಯ ಶತ್ರು. ಅದು ಡಿಎನ್‌ಎಯ ನಾಲ್ಕು 'ಅಕ್ಷರ'ಗಳಲ್ಲಿ ಅಡಿನೈನ್, ಗ್ವಾನೈನ್‌ಗಳನ್ನು ಕಳಚಿ ಎಳೆಯನ್ನು ತುಂಡರಿಸುತ್ತದೆ. ಹಾಗಿದ್ದ ಮೇಲೆ ಸದಾ ನೆನೆದೇ ಇರುವ ಕೆಸರಿನಲ್ಲಿ ಅದು ಉಳಿಯುವುದಾದರೂ ಹೇಗೆ? ತಳದ ಚಳಿ, ಕತ್ತಲೆ, ಆಮ್ಲಜನಕದ ಕೊರತೆ ಸ್ವಲ್ಪ ಕಾಪಾಡುತ್ತವೆ. ಹೆಚ್ಚಿನ ರಕ್ಷಣೆ ಜೇಡಿಯದು. ಜೇಡಿಯ ಮೇಲ್ಮೈಗೂ ಡಿಎನ್‌ಎಯ ಫಾಸ್ಫೇಟ್ ಬೆನ್ನೆಲುಬಿಗೂ ಋಣ ವಿದ್ಯುದಂಶವೇ ಇರುವುದರಿಂದ ಅವು ಒಂದನ್ನೊಂದು ದೂಡಬೇಕು. ಆದರೆ ನಡುವೆ ಧನ ವಿದ್ಯುದಂಶದ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನುಗಳು ನಿಂತು ಎರಡರ ಕೈಯನ್ನೂ ಹಿಡಿಯುತ್ತವೆ. ಹೀಗೆ ಅಂಟಿಕೊಂಡ ಎಳೆಯನ್ನು ಬ್ಯಾಕ್ಟೀರಿಯಾಗಳ ಕಿಣ್ವಗಳು ಸುಲಭವಾಗಿ ಕತ್ತರಿಸಲಾರವು. ಸ್ಮೆಕ್ಟೈಟ್ ಜಾತಿಯ ಜೇಡಿಯ ಹಿಡಿತವಂತೂ ಬಹಳ ಗಟ್ಟಿ.

ತೊಂದರೆ ಶುರುವಾಗುವುದೂ ಇಲ್ಲಿಯೇ. ಸಾವಿರಾರು ವರ್ಷ ಕಾಪಾಡಿದ ಹಿಡಿತ ನಾವು ಕೇಳಿದ ಕೂಡಲೇ ಸಡಿಲವಾಗುವುದಿಲ್ಲ. ಅದಕ್ಕೆ ಎರಡು ಉಪಾಯಗಳಿವೆ. ಒಂದು, ಲೋಹದ ಅಯಾನುಗಳನ್ನು ಹಿಡಿದಿಡುವ ಇಡಿಟಿಎ ಎಂಬ ರಾಸಾಯನಿಕ: ಇದು ಸೇತುವೆಯಾಗಿ ನಿಂತ ಅಯಾನುಗಳನ್ನೇ ಕಿತ್ತುಕೊಳ್ಳುತ್ತದೆ, ಮೆಗ್ನೀಸಿಯಂ ಇಲ್ಲದೆ ಕೆಲಸ ಮಾಡಲಾಗದ ಕಿಣ್ವಗಳೂ ಅದರಿಂದ ಸುಮ್ಮನಾಗುತ್ತವೆ. ಇನ್ನೊಂದು, ಫಾಸ್ಫೇಟ್ ದ್ರಾವಣ. ಸೀಟು ಹಿಡಿದು ಕೂತವನನ್ನು ಎಬ್ಬಿಸಲು ಬಸ್ಸಿನ ತುಂಬ ಜನರನ್ನು ನುಗ್ಗಿಸಿದ ಹಾಗೆ, ಬಿಡಿ ಫಾಸ್ಫೇಟ್ ಅಯಾನುಗಳು ಡಿಎನ್‌ಎ ಕುಳಿತ ಜಾಗಗಳನ್ನು ಆಕ್ರಮಿಸುತ್ತವೆ. ಬಳಿಕ ಡಿಎನ್‌ಎಯನ್ನು ಗ್ವಾನಿಡಿನಿಯಂ ಲವಣದ ಜೊತೆ ಸಿಲಿಕಾಕ್ಕೆ (ಮರಳಿನಲ್ಲಿರುವ ಖನಿಜ) ಅಂಟಿಸಿ, ತೊಳೆದು, ಬಿಡಿಸಿಕೊಳ್ಳುತ್ತಾರೆ. ಒಂದು ಖನಿಜದಿಂದ ಬಿಡಿಸಿ ಇನ್ನೊಂದಕ್ಕೆ ಅಂಟಿಸುವ ಈ ಆಟ ನನಗೆ ತಮಾಷೆಯಾಗಿ ಕಾಣುತ್ತದೆ.

ಕೊನೆಗೆ ಟ್ಯೂಬಿನಲ್ಲಿ ಸಿಗುವ ದ್ರವ ಎಷ್ಟೋ ಸಲ ತೆಳು ಡಿಕಾಕ್ಷನ್ನಿನ ಬಣ್ಣಕ್ಕಿರುತ್ತದೆ. ಆ ಕಂದು ಹ್ಯೂಮಿಕ್ ಆಮ್ಲದ್ದು. ಕೊಳೆತ ಸಸ್ಯಗಳಿಂದ ಬಂದ ಇದು ಪಿಸಿಆರ್ (ಡಿಎನ್‌ಎಯ ನಕಲುಗಳನ್ನು ಹೆಚ್ಚಿಸುವ ಪರೀಕ್ಷೆ) ನಡೆಸುವ ಕಿಣ್ವವನ್ನು ತಡೆಯುತ್ತದೆ. ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲವೆಂದು ಡಿಎನ್‌ಎಯೇ ಇಲ್ಲ ಎನ್ನುವ ಮೊದಲು ದ್ರವವನ್ನು ಹತ್ತು ಪಟ್ಟು ತೆಳುಗೊಳಿಸಿ ನೋಡಬೇಕು. ಡಿಎನ್‌ಎ ಕಡಿಮೆಯಾದರೂ ಫಲಿತಾಂಶ ಬರುವುದುಂಟು, ಏಕೆಂದರೆ ತಡೆಯೂ ಕಡಿಮೆಯಾಗಿರುತ್ತದೆ.

ಸಿಕ್ಕಿದ್ದು ಹಳೆಯದೇ ಎಂದು ತಿಳಿಯಲು ಅದರ ಗಾಯಗಳನ್ನೇ ನೋಡಬೇಕು. ತುಣುಕುಗಳು ಸಾಮಾನ್ಯವಾಗಿ 100 ಅಕ್ಷರಗಳಿಗಿಂತ ಚಿಕ್ಕವು. ತುದಿಗಳಲ್ಲಿ ಸೈಟೊಸಿನ್ ('ಸಿ' ಅಕ್ಷರ) ಕೆಟ್ಟು ಯುರಾಸಿಲ್ ಆಗಿರುವುದರಿಂದ ಯಂತ್ರ 'ಸಿ' ಇದ್ದಲ್ಲಿ 'ಟಿ' ಎಂದು ಓದುತ್ತದೆ. ಈ ತಪ್ಪು ತುದಿಯಲ್ಲಿ ಹೆಚ್ಚು, ಒಳಗೆ ಕಡಿಮೆ. ನಿನ್ನೆ ಮೊನ್ನೆ ಯಾರದೋ ಕೈಯಿಂದ ಬಿದ್ದ ಡಿಎನ್‌ಎಯಲ್ಲಿ ಈ ಗುರುತು ಇರುವುದಿಲ್ಲ. ಆದರೂ ಕಂಬದ ಹೊರಮೈಯನ್ನು ಕೆರೆದು ಒಳಗಿನ ಕೆಸರನ್ನಷ್ಟೇ ತೆಗೆಯುವುದು, ಹೊರಗಿನ ಡಿಎನ್‌ಎ ಸೇರಿದೆಯೇ ಎಂದು ತಿಳಿಯಲು ಕೆಸರೇ ಇಲ್ಲದ ಖಾಲಿ ಟ್ಯೂಬನ್ನೂ ಎಲ್ಲ ಹಂತಗಳಲ್ಲಿ ಜೊತೆಗೆ ಒಯ್ಯುವುದು ತಪ್ಪುವುದಿಲ್ಲ.

ಇನ್ನೊಂದು ಅನುಮಾನ: ಡಿಎನ್‌ಎ ಪದರದಿಂದ ಪದರಕ್ಕೆ ಜಿನುಗಿದರೆ? ನ್ಯೂಜಿಲೆಂಡಿನ ಗುಹೆಗಳಲ್ಲಿ ಹಾಗಾಗಿದೆ. ಈಗ ಅಳಿದುಹೋಗಿರುವ ಮೋವಾ ಹಕ್ಕಿಯ ಕಾಲದ ಪದರಗಳಲ್ಲಿ ಕುರಿಯ ಡಿಎನ್‌ಎ ಸಿಕ್ಕಿತ್ತು. ಕುರಿಗಳು ಅಲ್ಲಿಗೆ ಬಂದದ್ದೇ ಯುರೋಪಿಯನ್ನರ ಜೊತೆ. ಸರೋವರದ ತಳದಲ್ಲಿ ಈ ಭಯ ಕಡಿಮೆ. ಕೆಸರು ಆಗಲೇ ನೀರಿನಿಂದ ತುಂಬಿರುವುದರಿಂದ ಮಳೆನೀರಿನಂತೆ ಮೇಲಿನಿಂದ ಇಳಿದು ಎಳೆದೊಯ್ಯುವ ಹರಿವು ಅಲ್ಲಿರುವುದಿಲ್ಲ.

ಸೇಂಟ್ ಪಾಲ್‌ನಲ್ಲಿ ಡಿಎನ್‌ಎ ಒಂದನ್ನೇ ನಂಬಿ ತೀರ್ಪು ಕೊಡಲಿಲ್ಲ. ಲದ್ದಿಯ ಮೇಲೆ ಬೆಳೆಯುವ ಶಿಲೀಂಧ್ರಗಳ ಬೀಜಕಣಗಳೂ ಮ್ಯಾಮತ್ ಡಿಎನ್‌ಎ ಕಾಣೆಯಾದ ಮಟ್ಟದಲ್ಲೇ ಕುಸಿದಿದ್ದವು. ಮೂಳೆಗಳ ಕಾಲವೂ ಹೊಂದಿಕೆಯಾಯಿತು. ಡಯಾಟಮ್‌ಗಳಂಥ ಸೂಕ್ಷ್ಮಜೀವಿಗಳ ಅವಶೇಷಗಳು, ಸರೋವರ ಆಗ ತಗ್ಗಿ ಅದರ ನೀರು ಕೆಡುತ್ತಿತ್ತೆಂದು ತೋರಿಸಿದವು. ಮನುಷ್ಯರು ಆ ದ್ವೀಪಕ್ಕೆ ಇನ್ನೂ ಕಾಲಿಟ್ಟಿರಲಿಲ್ಲ. ಮ್ಯಾಮತ್‌ಗಳಿಗೆ ಸಾಲದೆ ಹೋದದ್ದು ಕುಡಿಯುವ ನೀರು ಎಂಬುದು ಸಂಶೋಧಕರ ತೀರ್ಮಾನ.