ಜೋಜಿಲಾ ಏರಿದ ಟ್ಯಾಂಕ್‌ಗಳು: 7ನೇ ಲೈಟ್ ಕ್ಯಾವಲ್ರಿಯ ಇತಿಹಾಸ

ಭಾರತೀಯ ಸೇನೆಯ 7ನೇ ಲೈಟ್ ಕ್ಯಾವಲ್ರಿಯ ಹಳೆಯ ಯುದ್ಧಗೌರವಗಳಲ್ಲಿ (ಕಾದಾಡಿದ ಯುದ್ಧಗಳ ನೆನಪಿಗೆ ಪಡೆಗೆ ಸಲ್ಲುವ ಹೆಸರುಗಳು) ‘ಮೈಸೂರು’ ಮತ್ತು ‘ಶ್ರೀರಂಗಪಟ್ಟಣ’ ಎಂಬ ಎರಡು ಹೆಸರುಗಳಿವೆ. 1784ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಸೇನೆಯ ಅಶ್ವದಳವಾಗಿ ಹುಟ್ಟಿದ ಈ ಪಡೆ ಟಿಪ್ಪು ಸುಲ್ತಾನನ ವಿರುದ್ಧದ ಯುದ್ಧಗಳಲ್ಲಿ ಕಂಪನಿಯ ಪರವಾಗಿ ಹೋರಾಡಿತು. ಈ ನೆಲದ ಅರಸರನ್ನು ಸೋಲಿಸಿ ಗಳಿಸಿದ ಇಂಥ ಗೌರವಗಳನ್ನು ಸ್ವತಂತ್ರ ಭಾರತದ ಸೇನೆ ಸಂಭ್ರಮದಿಂದ ಆಚರಿಸುವುದಿಲ್ಲ. ಅದು ಸರಿಯಾದ ನಿಲುವು. ಆದರೆ ಅದೇ ರೆಜಿಮೆಂಟು ಒಂದೂವರೆ ಶತಮಾನದ ನಂತರ, ಕೊಡಗಿನಲ್ಲಿ ಹುಟ್ಟಿದ ಒಬ್ಬ ದಂಡನಾಯಕನ ಕೈಕೆಳಗೆ ಲಡಾಖಿನ ಬಾಗಿಲು ತೆರೆದ ಸಂಗತಿಯನ್ನು ಕನ್ನಡಿಗರು ಅರಿತಿರಬೇಕು.

ಮಧ್ಯದ ಕಾಲದ ಕಥೆ ಬಹುಮಟ್ಟಿಗೆ ಹೆಸರು ಬದಲಾವಣೆಗಳದ್ದು. 1903ರ ಪುನರ್ವಿಂಗಡಣೆಯಲ್ಲಿ ಈ ಪಡೆ 28ನೇ ಲೈಟ್ ಕ್ಯಾವಲ್ರಿಯಾಯಿತು. ಮೊದಲ ಮಹಾಯುದ್ಧದ ಕೊನೆಯಲ್ಲಿ ಕ್ಯಾಸ್ಪಿಯನ್ ಸಮುದ್ರದ ಆಚೆಯ ಮರುಭೂಮಿಯಲ್ಲಿ, ಮೆರ್ವ್ ಪಟ್ಟಣದ ಸುತ್ತ ಬೊಲ್ಶೆವಿಕರೊಡನೆ ಕಾದಾಡಿತು. 1922ರಲ್ಲಿ ಈಗಿನ ಹೆಸರು ಬಂತು. ಮರುವರ್ಷ ಬ್ರಿಟಿಷ್ ಸರ್ಕಾರ ಎಂಟು ಘಟಕಗಳಲ್ಲಿ ಮಾತ್ರ ಭಾರತೀಯ ಅಧಿಕಾರಿಗಳನ್ನು ನೇಮಿಸಲು ಒಪ್ಪಿದಾಗ, ಅವುಗಳಲ್ಲಿದ್ದ ಎರಡು ಅಶ್ವದಳಗಳ ಪೈಕಿ ಇದೂ ಒಂದಾಗಿತ್ತು. ಮುಂದೆ ಭೂಸೇನೆಯ ಮುಖ್ಯಸ್ಥರಾದ ಜೆ.ಎನ್. ಚೌಧುರಿ ತಮ್ಮ ಸೈನಿಕ ಜೀವನದ ಆರಂಭದ ವರ್ಷಗಳನ್ನು ಕಳೆದದ್ದು ಇಲ್ಲಿಯೇ.

ಎರಡನೆಯ ಮಹಾಯುದ್ಧದ ಹೊತ್ತಿಗೆ ಕುದುರೆ ಹೋಗಿ ಟ್ಯಾಂಕ್ ಬಂದಿತ್ತು. ರೆಜಿಮೆಂಟಿಗೆ ಸಿಕ್ಕಿದ್ದು ಅಮೆರಿಕದಲ್ಲಿ ತಯಾರಾದ ಸ್ಟುವರ್ಟ್ ಎಂಬ ಹಗುರ ಟ್ಯಾಂಕ್. ಸುಮಾರು 15 ಟನ್ ತೂಕ, 37 ಮಿಲಿಮೀಟರ್ ತೋಪು, ನಾಲ್ವರು ಸಿಬ್ಬಂದಿ. ಜರ್ಮನಿಯ ದೊಡ್ಡ ಟ್ಯಾಂಕ್‌ಗಳ ಎದುರು ಅದು ನಿಲ್ಲುವಂಥದ್ದಲ್ಲ. ಆದರೆ 1944ರಲ್ಲಿ 254ನೇ ಭಾರತೀಯ ಟ್ಯಾಂಕ್ ಬ್ರಿಗೇಡಿನ ಜೊತೆ ಇಂಫಾಲಕ್ಕೂ, ಅಲ್ಲಿಂದ ಬರ್ಮಾಕ್ಕೂ ಹೋದಾಗ, ಶತ್ರುವಿನ ಬಳಿ ಭಾರಿ ಟ್ಯಾಂಕ್‌ಗಳಿಲ್ಲದ ಗುಡ್ಡಗಾಡಿನಲ್ಲಿ ಹಗುರವಾದದ್ದಕ್ಕೂ ತನ್ನದೇ ಬೆಲೆ ಉಂಟೆಂದು ಸಾಬೀತಾಯಿತು. ಈ ಅನುಭವವೇ ನಾಲ್ಕು ವರ್ಷಗಳ ಬಳಿಕ ಕಾಶ್ಮೀರದಲ್ಲಿ ನೆರವಿಗೆ ಬಂತೆಂದು ನನ್ನ ಅನಿಸಿಕೆ.

ಕಾಶ್ಮೀರದ ಯುದ್ಧದಲ್ಲಿ ರೆಜಿಮೆಂಟಿನ ಹೆಸರು ಮೊದಲು ಕೇಳಿಬಂದದ್ದು ಟ್ಯಾಂಕ್‌ಗಳಿಂದಲ್ಲ, ಕವಚ ಹೊದಿಸಿದ ಕಾರುಗಳಿಂದ. 1947ರ ನವೆಂಬರ್ 7ರಂದು ಶ್ರೀನಗರದ ಹೊರವಲಯದ ಶಾಲಟೆಂಗ್‌ನಲ್ಲಿ, ಲೆಫ್ಟಿನೆಂಟ್ ನೋಯೆಲ್ ಡೇವಿಡ್ ಅವರ ಕಾರುಗಳು ಬಳಸುದಾರಿಯಲ್ಲಿ ಹೋಗಿ ಪಾಕಿಸ್ತಾನದ ಕಡೆಯಿಂದ ನುಗ್ಗಿದ್ದ ದಾಳಿಕೋರರ ಬೆನ್ನಿಗೆ ಬಂದವು. ಅವು ತಮ್ಮವೇ ಎಂದುಕೊಂಡ ದಾಳಿಕೋರರು ಎಚ್ಚೆತ್ತುಕೊಳ್ಳುವಷ್ಟರಲ್ಲಿ ಹೊತ್ತು ಮೀರಿತ್ತು. ಶ್ರೀನಗರ ಉಳಿಯಿತು.

ಮರುವರ್ಷ ಸಂಕಟ ಪೂರ್ವಕ್ಕೆ ಸರಿಯಿತು. 1948ರ ಬೇಸಿಗೆಯಲ್ಲಿ ದ್ರಾಸ್ ಮತ್ತು ಕಾರ್ಗಿಲ್ ಶತ್ರುವಿನ ವಶವಾದವು; ಆಗಸ್ಟ್‌ನಲ್ಲಿ ಸ್ಕರ್ದು ಬಿತ್ತು. ಲೇಹ್‌ನಲ್ಲಿದ್ದ ಸಣ್ಣ ಕಾವಲುಪಡೆಗೆ ಶ್ರೀನಗರದ ಕಡೆಯಿಂದ ನೆಲದ ಮಾರ್ಗವೇ ಇಲ್ಲವಾಯಿತು. ಆ ಮಾರ್ಗದ ಗಂಟಲು ಜೋಜಿಲಾ ಕಣಿವೆ. ಸುಮಾರು 3,500 ಮೀಟರ್ ಎತ್ತರದ ಈ ಇಕ್ಕಟ್ಟಿನ ದಾರಿಯ ಎರಡೂ ಬದಿಯ ಬಂಡೆಗಳಲ್ಲಿ ಎದುರಾಳಿಗಳು ಬಂಕರ್‌ಗಳನ್ನು ಮಾಡಿಕೊಂಡು ಕುಳಿತಿದ್ದರು. ಮೇಲಿನಿಂದ ಬಿದ್ದ ಬಾಂಬು, ದೂರದಿಂದ ಹಾರಿಸಿದ ಫಿರಂಗಿ ಗುಂಡು ಯಾವುದೂ ಅವುಗಳನ್ನು ಅಲುಗಿಸಲಿಲ್ಲ. ಸೆಪ್ಟೆಂಬರ್‌ನಲ್ಲಿ 77ನೇ ಪ್ಯಾರಾಶೂಟ್ ಬ್ರಿಗೇಡ್ ನಡೆಸಿದ ದಾಳಿ ವಿಫಲವಾಯಿತು. ಚಳಿಗಾಲ ಬಂದು ಕಣಿವೆ ಮುಚ್ಚಿಹೋದರೆ ಲೇಹ್ ಕೈತಪ್ಪುವ ಭೀತಿ ನಿಜವಾಗಿತ್ತು.

ಶ್ರೀನಗರ ವಲಯದ ಪಡೆಗಳ ಮುಖ್ಯಸ್ಥರಾಗಿದ್ದವರು ಮಡಿಕೇರಿಯ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ, ಅವರ ಮೇಲೆ ಪಶ್ಚಿಮ ಕಮಾಂಡಿನ ದಂಡನಾಯಕರಾಗಿ ಕೊಡಗಿನವರೇ ಆದ ಕೆ.ಎಂ. ಕಾರ್ಯಪ್ಪ. ಮೇ ತಿಂಗಳಿನಲ್ಲಿ ಏರ್ ಕಮೊಡೋರ್ ಮೆಹರ್ ಸಿಂಗ್ ಮೊದಲ ಬಾರಿಗೆ ಲೇಹ್‌ಗೆ ಡಕೋಟಾ ವಿಮಾನ ಒಯ್ದಾಗ ತಿಮ್ಮಯ್ಯ ಅದರಲ್ಲಿದ್ದರು. ಆದ್ದರಿಂದ ಅಲ್ಲಿನ ಜನರ ಸ್ಥಿತಿ ಅವರಿಗೆ ನಕ್ಷೆಯ ಮೇಲಿನ ಗುರುತಾಗಿ ಮಾತ್ರ ತಿಳಿದಿದ್ದಲ್ಲ. ಜೋಜಿಲಾಕ್ಕೆ ಟ್ಯಾಂಕ್ ಒಯ್ಯುವ ಯೋಚನೆಯನ್ನು ಅವರು ಮುಂದಿಟ್ಟಾಗ ಅದು ಹಲವರಿಗೆ ಅಸಾಧ್ಯವೆಂದೇ ಕಂಡಿತು. ಅಷ್ಟು ಎತ್ತರದಲ್ಲಿ ಟ್ಯಾಂಕ್ ಹೋರಾಡಿದ ನಿದರ್ಶನ ಅದಕ್ಕೆ ಮುಂಚೆ ಇರಲಿಲ್ಲ.

ಟ್ಯಾಂಕ್‌ಗಳಿದ್ದದ್ದು ಜಮ್ಮು ಕಡೆಯಲ್ಲಿ. ಅಲ್ಲಿಂದ ಬನಿಹಾಲ್ ದಾಟಿ ಶ್ರೀನಗರಕ್ಕೂ, ಮುಂದೆ ಸೋನಮಾರ್ಗ ಹಾಯ್ದು ಬಾಲ್ತಾಲ್‌ಗೂ ಮುನ್ನೂರು ಕಿಲೋಮೀಟರಿಗೂ ಮೀರಿದ ದಾರಿ. ಆ ದಾರಿಯ ಸೇತುವೆಗಳು ಟ್ಯಾಂಕ್‌ನ ಭಾರಕ್ಕೆಂದು ಕಟ್ಟಿದವಲ್ಲ. ಹಾಗಾಗಿ ತೋಪು ಕೂತಿರುವ ಟರೆಟ್‌ಗಳನ್ನು ಕಳಚಿ ಬೇರೆ ಲಾರಿಗಳಲ್ಲಿ ಸಾಗಿಸಲಾಯಿತು. ಇದರಿಂದ ಭಾರ ಹಂಚಿಹೋಯಿತು. ಟಾರ್ಪಾಲು ಮುಚ್ಚಿದ ಮೇಲೆ ಒಳಗಿರುವುದು ಟ್ಯಾಂಕ್ ಎಂದು ಗುರುತಿಸುವುದೂ ಕಷ್ಟವಾಯಿತು. ಸುದ್ದಿ ಸೋರದಂತೆ ದಾರಿಯ ಊರುಗಳಲ್ಲಿ ಕರ್ಫ್ಯೂ ಹೇರಲಾಯಿತು. ದುರ್ಬಲ ಸೇತುವೆಗಳಿಗೆ ಬಲ ಕೊಟ್ಟು, ಬಾಲ್ತಾಲ್‌ನಿಂದ ಮೇಲಕ್ಕಿದ್ದ ಹೇಸರಗತ್ತೆಗಳ ಕಾಲುದಾರಿಯನ್ನು ಟ್ಯಾಂಕ್ ಹತ್ತುವಷ್ಟು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್. ಬೆಂಗಳೂರಿನ ಹಲಸೂರಿನಲ್ಲಿ ನೆಲೆಯಿರುವ ಮದ್ರಾಸ್ ಎಂಜಿನಿಯರ್ ಗ್ರೂಪಿನ ಈ ಯೋಧರು ಬಂಡೆ ಸಿಡಿಸಿ, ಮಣ್ಣು ಸರಿಸಿ, ಶತ್ರುವಿನ ಗುಂಡಿನ ವ್ಯಾಪ್ತಿಯಲ್ಲೇ ದಾರಿ ಕಡಿದರು. ಗೆಲುವಿನ ಹೆಸರು ಟ್ಯಾಂಕ್‌ಗಳಿಗೆ ಬಂತು. ಅದರ ಸಮಪಾಲು ಈ ಸ್ಯಾಪರ್‌ಗಳಿಗೆ ಸಲ್ಲಬೇಕು.

ಎತ್ತರದ ಕಷ್ಟ ಬೇರೆಯದೇ. 3,500 ಮೀಟರಿನಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಮೂರನೇ ಎರಡು ಭಾಗದಷ್ಟು ಮಾತ್ರ. ಪೆಟ್ರೋಲ್ ಎಂಜಿನ್ನಿನ ಬಲವೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ. ಕಡಿದಾದ ಏರಿನಲ್ಲಿ, ಹಿಮ ಬಿದ್ದ ಕಲ್ಲುದಾರಿಯಲ್ಲಿ ಟ್ಯಾಂಕ್‌ನ ಚಕ್ರಪಟ್ಟಿಗಳು ಜಾರುತ್ತವೆ. ಸ್ಟುವರ್ಟ್‌ನ ದುಪ್ಪಟ್ಟು ತೂಕದ ಟ್ಯಾಂಕ್ ಆಗಿದ್ದರೆ ಆ ಸೇತುವೆಗಳನ್ನು ದಾಟುವುದೇ ಕಷ್ಟವಾಗುತ್ತಿತ್ತು.

ಹಿಮಪಾತದಿಂದ ಮುಂದಕ್ಕೆ ಹೋದ ದಾಳಿ ಕೊನೆಗೆ 1948ರ ನವೆಂಬರ್ 1ರಂದು ನಡೆಯಿತು. ರೆಜಿಮೆಂಟಿನ ಮುಖ್ಯಸ್ಥ ಲೆಫ್ಟಿನೆಂಟ್ ಕರ್ನಲ್ ರಾಜಿಂದರ್ ಸಿಂಗ್ ‘ಸ್ಪ್ಯಾರೋ’ ಅವರ ಟ್ಯಾಂಕ್‌ಗಳು ಸಾಲಾಗಿ ಕಣಿವೆಗೆ ನುಗ್ಗಿದವು. ಮುಂಚೂಣಿಯ ಟ್ಯಾಂಕ್‌ನಲ್ಲಿ ಸ್ವತಃ ತಿಮ್ಮಯ್ಯ ಇದ್ದರು. ದೂರದ ಫಿರಂಗಿಗೆ ಸಾಧ್ಯವಾಗದ ಕೆಲಸವನ್ನು 37 ಮಿಲಿಮೀಟರ್ ತೋಪು ಹತ್ತಿರದಿಂದ, ಬಂಕರ್‌ನ ಕಿಂಡಿಗೇ ನೇರವಾಗಿ ಗುಂಡಿಕ್ಕಿ ಮಾಡಿತು. ಟ್ಯಾಂಕ್ ಬರಬಹುದೆಂದು ಎದುರಾಳಿಗಳು ಎಣಿಸಿರಲೇ ಇಲ್ಲ. ಹಿಂದೆ ಬಂದ ಪದಾತಿಗಳು ಆಯಕಟ್ಟಿನ ಜಾಗಗಳನ್ನು ಹಿಡಿದರು. ಸಂಜೆಯ ಹೊತ್ತಿಗೆ ಕಣಿವೆಯ ಆಚೆಯ ಗುಮ್ರಿ ಬಯಲು ಭಾರತದ ವಶವಾಗಿತ್ತು. ನವೆಂಬರ್ ಮಧ್ಯದಲ್ಲಿ ದ್ರಾಸ್, ಕೊನೆಯ ವಾರದಲ್ಲಿ ಕಾರ್ಗಿಲ್ ಮರಳಿ ಬಂದು ಲೇಹ್‌ನ ದಾರಿ ತೆರೆಯಿತು. ರಾಜಿಂದರ್ ಸಿಂಗ್ ಅವರಿಗೆ ಮಹಾವೀರ ಚಕ್ರ ಸಂದಿತು. 1965ರಲ್ಲಿ ಸಿಯಾಲ್‌ಕೋಟ್ ರಂಗದಲ್ಲಿ 1ನೇ ಆರ್ಮರ್ಡ್ ಡಿವಿಷನ್ ಮುನ್ನಡೆಸಿ ಅವರು ಎರಡನೆಯ ಬಾರಿ ಅದೇ ಪದಕ ಪಡೆದರು.

ಆ 1965ರ ವೇಳೆಗೆ 7ನೇ ಲೈಟ್ ಕ್ಯಾವಲ್ರಿಯ ಕೈಗೆ ಬಂದಿದ್ದದ್ದು ಸೋವಿಯತ್ ನಿರ್ಮಿತ ಪಿಟಿ-76. 76 ಮಿಲಿಮೀಟರ್ ತೋಪಿನ, ಸುಮಾರು 14 ಟನ್ನಿನ, ನೀರಿನಲ್ಲೂ ತೇಲಿ ಸಾಗಬಲ್ಲ ಟ್ಯಾಂಕ್ ಅದು. ಅದಕ್ಕೂ ಮುಂಚೆ 1962ರಲ್ಲಿ ಚೀನಾ ಮೇಲೇರಿ ಬಂದಾಗ, 20 ಲ್ಯಾನ್ಸರ್ಸ್ ಎಂಬ ಇನ್ನೊಂದು ರೆಜಿಮೆಂಟಿನ ಫ್ರೆಂಚ್ ಎಎಂಎಕ್ಸ್-13 ಟ್ಯಾಂಕ್‌ಗಳನ್ನು ಆಂಟೊನೊವ್-12 ವಿಮಾನದಲ್ಲಿ ಲಡಾಖಿನ ಚುಶೂಲ್‌ಗೆ ಇಳಿಸಲು ಸಾಧ್ಯವಾದದ್ದು ಅವೂ 15 ಟನ್ನಿನ ಆಸುಪಾಸಿನವು ಎಂಬ ಕಾರಣದಿಂದ. ಇಷ್ಟಾದರೂ ನಂತರದ ದಶಕಗಳಲ್ಲಿ ಸೇನೆಯ ಗಮನ ಪಂಜಾಬ್ ಮತ್ತು ರಾಜಸ್ಥಾನದ ಬಯಲಿನ ಮೇಲೆಯೇ ನೆಟ್ಟಿತು. ಟ್ಯಾಂಕ್‌ಗಳು 40 ಟನ್ ದಾಟಿದವು. ಪಿಟಿ-76 ನಿವೃತ್ತಿಯಾದ ಮೇಲೆ ಆ ಸ್ಥಾನಕ್ಕೆ ಹಗುರ ಟ್ಯಾಂಕ್ ಬರಲಿಲ್ಲ. ಬಯಲಿನ ಯುದ್ಧಕ್ಕೆ ಆ ಆಯ್ಕೆ ತಪ್ಪಲ್ಲ; ಪರ್ವತದ ಗಡಿಯನ್ನು ಲೆಕ್ಕದಿಂದ ಬಿಟ್ಟದ್ದು ತಪ್ಪು.

2020ರಲ್ಲಿ ಗಾಲ್ವಾನ್ ಘರ್ಷಣೆಯ ನಂತರ ಟಿ-72 ಮತ್ತು ಟಿ-90 ಎಂಬ ಭಾರಿ ಟ್ಯಾಂಕ್‌ಗಳನ್ನೇ ಪೂರ್ವ ಲಡಾಖಿನ ಎತ್ತರಗಳಿಗೆ ಏರಿಸಬೇಕಾಯಿತು. ಎದುರಿಗೆ ಚೀನಾ ಸುಮಾರು 33 ಟನ್ನಿನ ಟೈಪ್ 15 ಹಗುರ ಟ್ಯಾಂಕ್ ಇಟ್ಟುಕೊಂಡಿತ್ತು. ಈ ಕೊರತೆ ತುಂಬಲು ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಮತ್ತು ಖಾಸಗಿ ಕಂಪನಿ ಎಲ್ ಆ್ಯಂಡ್ ಟಿ ಸೇರಿ 25 ಟನ್ನಿನ, 105 ಮಿಲಿಮೀಟರ್ ತೋಪಿನ ಜೋರಾವರ್ ಟ್ಯಾಂಕನ್ನು ರೂಪಿಸಿದವು. 2024ರ ಸೆಪ್ಟೆಂಬರ್‌ನಲ್ಲಿ ಅದು ಮರುಭೂಮಿಯ ಪರೀಕ್ಷೆಗೆ ಇಳಿಯಿತು; ಡಿಸೆಂಬರ್‌ನಲ್ಲಿ 4,200 ಮೀಟರಿಗೂ ಎತ್ತರದ ನೆಲದಿಂದ ಗುರಿಗೆ ಗುಂಡು ಹಾರಿಸಿತು. ಸ್ಟುವರ್ಟ್‌ಗಿಂತ ಹತ್ತು ಟನ್ ಹೆಚ್ಚಿನ ಈ ಟ್ಯಾಂಕ್ ಸೇನೆಯ ಕೈಸೇರುವ ವೇಳೆಗೆ ಅದು ಹಾದುಹೋಗಬೇಕಾದ ಗಡಿರಸ್ತೆಗಳೂ ಸೇತುವೆಗಳೂ ಅಷ್ಟು ಭಾರಕ್ಕೆ ಸಿದ್ಧವಾಗಿರಬೇಕು. 1948ರಲ್ಲಿ ಸ್ಯಾಪರ್‌ಗಳು ತರಾತುರಿಯಲ್ಲಿ ಮಾಡಿದ ಕೆಲಸಕ್ಕೆ ಈಗ ಶಾಂತಿಕಾಲದ ಬಿಡುವಿದೆ.