ಹನ್ನೊಂದೂವರೆ ಮೀಟರಿನ ಗೆರೆ

ಮೂವತ್ತು-ನಲವತ್ತು ಸೈಟಿನ ಪತ್ರ ಹಿಡಿದು ಬೆಂಗಳೂರಿನ ನನ್ನ ಆಫೀಸಿಗೆ ಬರುವವರದು ಒಂದೇ ಪ್ರಶ್ನೆ: "ಎಷ್ಟು ಫ್ಲೋರ್ ಎಬ್ಬಿಸಬಹುದು ಸಾರ್?" ನಾನು ತಿರುಗಿ ಕೇಳುವುದು, ಮುಂದಿನ ರಸ್ತೆ ಎಷ್ಟು ಅಗಲ ಅಂತ. ಮನೆ ಕಟ್ಟೋದು ಸೈಟಲ್ಲಿ, ರಸ್ತೆ ಮಾತು ಯಾಕೆ ಅಂತ ಅವರು ಮುಖ ನೋಡುತ್ತಾರೆ.

ಬೆಂಗಳೂರಿನ ಮಾಸ್ಟರ್ ಪ್ಲಾನ್ 2015ರ ನಿಯಮಾವಳಿ ಪ್ರಕಾರ, 12 ಮೀಟರಿನೊಳಗಿನ ರಸ್ತೆಯಲ್ಲಿರುವ ಸಣ್ಣ ವಸತಿ ಸೈಟಿಗೆ ಎಫ್‌ಎಆರ್ (ಸೈಟಿನ ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಲೆಕ್ಕ) 1.75. ಅಂದರೆ 1,200 ಚದರಡಿ ಸೈಟಿನಲ್ಲಿ ಎಲ್ಲ ಮಹಡಿ ಕೂಡಿಸಿ 2,100 ಚದರಡಿ, ಅಷ್ಟೇ. ಪಾರ್ಕಿಂಗಿಗೆ ಬಿಟ್ಟ ಸ್ಟಿಲ್ಟ್, ಅಂದರೆ ಬರೀ ಕಂಬಗಳಿರುವ ಕೆಳಮಟ್ಟ, ಈ ಲೆಕ್ಕಕ್ಕಿಲ್ಲ. ಊರ ತುಂಬ ಮನೆಗಳು ಕಂಬದ ಮೇಲೆ ನಿಂತಿರುವುದಕ್ಕೆ ಇದೂ ಒಂದು ಕಾರಣ.

ನಿಜವಾದ ಬಿಗಿ ಇರುವುದು ಎತ್ತರದಲ್ಲಿ. 11.5 ಮೀಟರ್ ಒಳಗಿದ್ದರೆ ಸೆಟ್‌ಬ್ಯಾಕ್, ಅಂದರೆ ಕಟ್ಟಡದ ಸುತ್ತ ಬಿಡಬೇಕಾದ ಖಾಲಿ ಜಾಗ, ಸೈಟಿನ ಅಳತೆಗೆ ತಕ್ಕಷ್ಟು. ಅದನ್ನು ದಾಟಿದಿರೋ, ಆ ನಿಯಮಾವಳಿಯ ಕೋಷ್ಟಕದಲ್ಲಿ ಸುತ್ತಲೂ 5 ಮೀಟರ್. ಮೂವತ್ತು ಅಡಿ ಅಂದರೆ 9.14 ಮೀಟರ್. ಎಡಕ್ಕೆ 5, ಬಲಕ್ಕೆ 5 ಬಿಟ್ಟರೆ ಮನೆ ಹಾಗಿರಲಿ, ಪಕ್ಕದವರ ಸೈಟೂ ಸ್ವಲ್ಪ ಸಾಲ ಕೇಳಬೇಕು! ನಾಲ್ಕನೇ ಮಹಡಿ ಬೇಡ ಅಂತ ಯಾರೂ ಬರೆದಿಲ್ಲ. ಲೆಕ್ಕವೇ ಬೇಡ ಅನ್ನುತ್ತದೆ. ಬಡಾವಣೆಗಳ ಪ್ಲಾನುಗಳೆಲ್ಲ ಒಂದೇ ಎತ್ತರಕ್ಕೆ ಕತ್ತರಿಸಿದಂತೆ ಕಾಣುವುದು ಇದರಿಂದಲೇ.

ದೊಡ್ಡ ಸೈಟುಗಳಲ್ಲಿ ಇಂಥದೇ ಇನ್ನೊಂದು ಗೆರೆ 15 ಮೀಟರಿಗೆ ಇತ್ತು. ಬಹಳ ವರ್ಷ 15 ಮುಟ್ಟಿದ ಕಟ್ಟಡವೆಲ್ಲ ಹೈರೈಸ್, ಅಗ್ನಿಶಾಮಕ ಇಲಾಖೆಯ ಎನ್‌ಒಸಿ (ಒಪ್ಪಿಗೆ ಪತ್ರ) ಕಡ್ಡಾಯ. ಆ ಕಾಲದ ಅಪಾರ್ಟ್‌ಮೆಂಟ್ ಪ್ಲಾನುಗಳನ್ನು ಬಿಡಿಸಿ ನೋಡಿ: ಎತ್ತರ 14.95 ಮೀಟರ್. ಈ ಅಂಕಿ ನಾನೇ ಎಷ್ಟು ಸಲ ಬರೆದಿದ್ದೇನೋ. ಐದು ಸೆಂಟಿಮೀಟರ್ ಕಮ್ಮಿಯಾದರೆ ಬೆಂಕಿ ಹೆದರುತ್ತದೆಯೇ? ಆದರೂ ಬರೆದೆ.

ಪ್ಲಾನಿನ ಮನೆಗೂ ಬೀದಿಯ ಮನೆಗೂ ನಡುವೆ ಟೆರೇಸಿದೆ. ಟೆರೇಸಿಗೆ ಹತ್ತುವ ಮೆಟ್ಟಿಲ ಮೇಲಿನ ಪುಟ್ಟ ಕೋಣೆ, ಅಂದರೆ ಹೆಡ್‌ರೂಮು, ನೀರಿನ ಟ್ಯಾಂಕು ಎತ್ತರದ ಲೆಕ್ಕಕ್ಕೆ ಬರುವುದಿಲ್ಲ. ಆರು ತಿಂಗಳಲ್ಲಿ ಆ ಹೆಡ್‌ರೂಮಿಗೆ ಒಂದು ಗೋಡೆ, ಮೇಲೊಂದು ಶೀಟು, ಮೂಲೆಯಲ್ಲಿ ಬಚ್ಚಲು. ಆಮೇಲೆ ಬ್ಯಾಚುಲರಿಗೆ ಬಾಡಿಗೆ.

ಕಳೆದ ವಾರ ಬಂದ ದಂಪತಿಗೆ ಇಷ್ಟನ್ನೂ ಕಾಗದದ ಮೇಲೆ ಗೀಚಿ ತೋರಿಸಿದೆ. ಯಜಮಾನರು ಸುಮ್ಮನಾದರು. ಆ ಅಮ್ಮ ಮಾತ್ರ ಪೆನ್ನು ತೆಗೆದುಕೊಂಡು ಹೆಡ್‌ರೂಮಿನ ಮೇಲೆ ಬೆರಳಿಟ್ಟು, "ಇದನ್ನ ಇನ್ನೊಂಚೂರು ಅಗಲ ಮಾಡ್ಬೋದಾ ಸಾರ್?" ಅಂದರು.