ಎಲೆಕ್ಟ್ರಿಕ್ ಬ್ರೇಕ್ ಬೂಸ್ಟರ್: ಕರೆಂಟ್ ಹೋದರೂ ಗಾಡಿ ನಿಲ್ಲಬೇಕು

ಹಳೆಯ ಪದ್ಮಿನಿಗೋ ಅಂಬಾಸಡರ್‌ಗೋ ಹೆಚ್ಚು ಶಕ್ತಿಯ ಇಂಜಿನ್ ಕೂರಿಸಿದ ಮೇಲೆ ಬ್ರೇಕಿನ ಪಾಳಿ ಬರುತ್ತದೆ. ಪೆಡಲ್ ಗಟ್ಟಿ. ಇಂಜಿನ್ ಗಾಳಿ ಎಳೆಯುವ ಬಲದಿಂದ (ವ್ಯಾಕ್ಯೂಮ್) ಪೆಡಲ್ ಹಗುರ ಮಾಡುವ ವ್ಯಾಕ್ಯೂಮ್ ಬೂಸ್ಟರಿನ ದೊಡ್ಡ ಡಬ್ಬಿಗೆ ಬಾನೆಟ್ ಒಳಗೆ ಜಾಗವಿಲ್ಲ. ಇಂಜಿನ್ ವಾಲ್ವ್ ತೆರೆಯುವ ಕ್ಯಾಮ್ ಬದಲಿಸಿದ್ದರೆ ಗಾಳಿ ಒಳಹೋಗುವ ಮ್ಯಾನಿಫೋಲ್ಡಿನಲ್ಲಿ ವ್ಯಾಕ್ಯೂಮ್ ಸಾಲದು, ಇಂಜಿನ್ ಇಳಿಸಿ ಮೋಟಾರ್ ಹಾಕಿದ್ದರೆ ವ್ಯಾಕ್ಯೂಮೇ ಇಲ್ಲ. ಹೀಗಾಗಿ ಟೆಸ್ಲಾ, ಹೋಂಡಾ ಸಿಆರ್-ವಿ ಗಾಡಿಗಳಿಂದ ಬಿಚ್ಚಿದ ಬಾಷ್ ಐಬೂಸ್ಟರ್ (ವ್ಯಾಕ್ಯೂಮ್ ಬದಲು ಎಲೆಕ್ಟ್ರಿಕ್ ಮೋಟಾರಿನಿಂದ ಪೆಡಲಿಗೆ ಬಲ ಕೊಡುವ ಬೂಸ್ಟರ್) ಹುಡುಕುವವರು ಬೆಳಗಾವಿಯಲ್ಲೂ ಇದ್ದಾರೆ. ಇದರ ಎರಡನೇ ಪೀಳಿಗೆಯ ಘಟಕಕ್ಕೆ ಗಾಡಿಯ ಕಂಪ್ಯೂಟರ್ ಜೊತೆ ಮಾತಾಡುವ ಅಗತ್ಯವಿಲ್ಲ. ಬ್ಯಾಟರಿ, ಇಗ್ನಿಷನ್, ಅರ್ತ್ ಸಿಕ್ಕರೆ ತನ್ನಷ್ಟಕ್ಕೆ ಕೆಲಸ ಮಾಡುತ್ತದೆ.

ಬೂಸ್ಟರ್ ಕಾಲಿನ ಶ್ರಮ ಕಡಿಮೆ ಮಾಡುತ್ತದೆ, ಅಷ್ಟೇ. ಟೈರಿನ ಹಿಡಿತ ಹೆಚ್ಚಿಸದು, ಕಾದ ಡ್ರಮ್ಮನ್ನು ತಣ್ಣಗಾಗಿಸದು. ಎಣ್ಣೆ ಕುಡಿದ ಲೈನರ್, ಅಂಡಾಕಾರವಾದ ಡ್ರಮ್, ಸೋರುವ ವ್ಹೀಲ್ ಸಿಲಿಂಡರ್, ಉಬ್ಬಿದ ರಬ್ಬರ್ ಹೋಸ್ ಇವುಗಳನ್ನು ಸರಿಪಡಿಸದೆ ಬೂಸ್ಟರ್ ಹಾಕಿದರೆ ದುರ್ಬಲ ಭಾಗ ಬೇಗ ಒಡೆಯುತ್ತದೆ. ಒಂದೇ ಸರ್ಕ್ಯೂಟಿನ ಹಳೆ ಪೈಪಿಂಗ್ ಇದ್ದರೆ ಮುಂದಿನದು, ಹಿಂದಿನದು ಬೇರೆ ಮಾಡಿ. ಆಗ ಒಂದು ಕಡೆ ಸೋರಿದರೂ ಇನ್ನೊಂದು ಉಳಿಯುತ್ತದೆ.

ಮುಖ್ಯ ಲೆಕ್ಕ ಮಾಸ್ಟರ್ ಸಿಲಿಂಡರಿನ (ಪೆಡಲ್ ತುಳಿದಾಗ ಬ್ರೇಕ್ ಆಯಿಲನ್ನು ಗಾಲಿಗಳತ್ತ ತಳ್ಳುವ ಸಿಲಿಂಡರ್) ಬೋರ್, ಅಂದರೆ ಒಳವ್ಯಾಸ, ಮತ್ತು ಪೆಡಲ್ ಅನುಪಾತದ್ದು. ಪೆಡಲ್ ಪಿವಟ್‌ನಿಂದ ಪಾದ ಇಡುವ ಜಾಗದ ನಡುವಿನವರೆಗೆ 270 ಮಿ.ಮೀ., ಪಿವಟ್‌ನಿಂದ ಬೂಸ್ಟರನ್ನು ತಳ್ಳುವ ರಾಡಿನ ಪಿನ್‌ವರೆಗೆ 45 ಮಿ.ಮೀ. ಇದ್ದರೆ ಅನುಪಾತ 6. ಕಾಲಿನ ಒತ್ತಡ 300 ನ್ಯೂಟನ್, ಅಂದರೆ ಸುಮಾರು 30 ಕೆ.ಜಿ. ಎಂದುಕೊಳ್ಳಿ. 19 ಮಿ.ಮೀ. ಬೋರಿನಲ್ಲಿ ಬೂಸ್ಟರ್ ಇಲ್ಲದೆಯೇ ಸುಮಾರು 63 ಬಾರ್ ಒತ್ತಡ ಹುಟ್ಟುತ್ತದೆ. ಅದೇ ಕಾಲು, 25.4 ಮಿ.ಮೀ. ಬೋರ್, ಅನುಪಾತ 4 ಆದರೆ 24 ಬಾರ್ ಮಾತ್ರ. ಬೂಸ್ಟರ್ ಚಾಲೂ ಇರುವಾಗ ಈ ಎರಡನೇ ಗಾಡಿ ಬೆಣ್ಣೆಯಂತೆ ನಿಲ್ಲುತ್ತದೆ. ಫ್ಯೂಸ್ ಹಾರಿದ ಕ್ಷಣ ಚಾಲಕ ಎರಡೂ ಕಾಲಿನಿಂದ ತುಳಿಯಬೇಕಾಗುತ್ತದೆ. ಆದ್ದರಿಂದ ಬೂಸ್ಟರ್ ಸತ್ತ ಸ್ಥಿತಿಯನ್ನೇ ಆಧಾರ ಮಾಡಿಕೊಂಡು ಲೆಕ್ಕ ಹಾಕಬೇಕು. 22.2 ಮಿ.ಮೀ. ಬೋರ್, ಅನುಪಾತ 5 ಇದ್ದರೆ ಬರೀ ಕಾಲಿನಿಂದಲೇ ಸುಮಾರು 39 ಬಾರ್ ಸಿಗುತ್ತದೆ. ಪ್ರಾಜೆಕ್ಟ್ ಗಾಡಿಗೆ ಇದು ಒಳ್ಳೆಯ ನಡುದಾರಿ. ಬೋರ್ ಇನ್ನೂ ಚಿಕ್ಕದಾದರೆ ಪೆಡಲ್ ಓಟ ಹೆಚ್ಚುತ್ತದೆ. ಅಡ್ಜಸ್ಟ್ ಮಾಡದ ಡ್ರಮ್ ಆ ಓಟವನ್ನೆಲ್ಲ ತಾನೇ ನುಂಗುತ್ತದೆ.

ಕೊಳ್ಳುವಾಗ ಬೂಸ್ಟರ್ ಜೊತೆ ಅದರದೇ ಮಾಸ್ಟರ್ ಸಿಲಿಂಡರ್, ಕನೆಕ್ಟರ್ ಮತ್ತು ಒಂದಷ್ಟು ಉದ್ದದ ವೈರ್ ಕೇಳಿ ಪಡೆಯಿರಿ. ಕನೆಕ್ಟರ್ ಬೇರೆಯಾಗಿ ಹುಡುಕುವುದು ದೊಡ್ಡ ತಲೆನೋವು.

ಹಳೆ ಗಾಡಿಯ ಫೈರ್‌ವಾಲ್ (ಇಂಜಿನ್ ಮತ್ತು ಕೂರುವ ಜಾಗದ ನಡುವಿನ ಗೋಡೆ) ತಗಡು ತೆಳು. ಗಾಬರಿಯಲ್ಲಿ ಪೆಡಲ್ ಮೇಲೆ 50 ಕೆ.ಜಿ. ಬಿದ್ದು ಅನುಪಾತ 4 ಇದ್ದರೂ ರಾಡ್ ಮೇಲೆ 200 ಕೆ.ಜಿ. ಬರುತ್ತದೆ. ತಗಡಿನ ಎರಡೂ ಬದಿಗೆ 4 ಮಿ.ಮೀ. ಎಂಎಸ್ (ಮೈಲ್ಡ್ ಸ್ಟೀಲ್) ಪ್ಲೇಟ್ ಕೊಟ್ಟು ನಡುವೆ ತಗಡು ಬಿಗಿಯಿರಿ. ಒಬ್ಬರು ತುಳಿಯುವಾಗ ಇನ್ನೊಬ್ಬರು ನೋಡಿದರೆ ಫೈರ್‌ವಾಲ್ ಬಾಗುವುದು ಬರಿಗಣ್ಣಿಗೇ ಕಾಣುತ್ತದೆ. ರಾಡ್ ಗಿಡ್ಡವಾದರೆ ವೆಲ್ಡ್ ಮಾಡಿ ಉದ್ದ ಮಾಡಬೇಡಿ. ಉದ್ಯಮಬಾಗದ ಯಾವ ಲೇತ್ ಅಂಗಡಿಯಲ್ಲಾದರೂ ಥ್ರೆಡ್ ಇರುವ ಜೋಡಣೆ ಮತ್ತು ಲಾಕ್ ನಟ್ ಮಾಡಿಸಬಹುದು. ಪೆಡಲ್ ಬಿಟ್ಟಾಗ ರಾಡ್‌ಗೆ ಒಂದೆರಡು ಮಿ.ಮೀ. ಆಟ ಇರಲೇಬೇಕು. ಇಲ್ಲದಿದ್ದರೆ ಬೂಸ್ಟರ್ ಯಾರೋ ತುಳಿದಿದ್ದಾರೆಂದು ತಿಳಿದು ಬ್ರೇಕ್ ಹಿಡಿದೇ ಇರುತ್ತದೆ, ಗಾಲಿ ಕಾದು ವಾಸನೆ ಬರುತ್ತದೆ.

ವೈರಿಂಗ್‌ನಲ್ಲಿ ಉಳಿತಾಯ ಬೇಡ. ಮುಖ್ಯ ಸಪ್ಲೈ ಬ್ಯಾಟರಿಯಿಂದ ನೇರ, ಬ್ಯಾಟರಿಯ ಹತ್ತಿರವೇ 40 ಆಂಪ್ ಫ್ಯೂಸ್, 6 ಚದರ ಮಿ.ಮೀ. ತಾಮ್ರದ ವೈರ್. ಹೋಗಿ ಬರುವ ಒಟ್ಟು 6 ಮೀಟರ್‌ಗೆ 40 ಆಂಪ್ ಎಳೆದಾಗ ಇದರಲ್ಲಿ ಸುಮಾರು 0.7 ವೋಲ್ಟ್ ಇಳಿಯುತ್ತದೆ. 2.5 ಚದರ ಮಿ.ಮೀ. ವೈರ್‌ನಲ್ಲಿ 1.8 ವೋಲ್ಟ್, ಅದೂ ಸರಿಯಾಗಿ ಜೋರಾಗಿ ಬ್ರೇಕ್ ಬೇಕಾದ ಹೊತ್ತಿಗೆ. ಈ ಸಪ್ಲೈಯನ್ನು ಕೀಲಿಯ ರಿಲೇ ಮೂಲಕ ಕೊಡಬೇಡಿ. ಕೀಲಿಗೆ ಬೇರೆ ಸಣ್ಣ ವೈರ್, 5 ಆಂಪ್ ಫ್ಯೂಸ್. ಅರ್ತ್ ಬಾಡಿಗಲ್ಲ, ಬ್ಯಾಟರಿಯ ನೆಗೆಟಿವ್‌ಗೆ. ಬೆಳಗಾವಿ ಮಳೆ ತಿಂದ ಬಾಡಿಯ ತುಕ್ಕನ್ನು ನಂಬಲಾಗದು. ಗಾಡಿಯಲ್ಲಿ ಇನ್ನೂ ಡೈನಮೋ ಇದ್ದರೆ ಮೊದಲು ಆಲ್ಟರ್ನೇಟರ್ ಹಾಕಿ. ಐಡಲ್‌ನಲ್ಲಿ ಡೈನಮೋ ಬಹುತೇಕ ಏನೂ ಕೊಡುವುದಿಲ್ಲ.

ಪೈಪಿನ ನಟ್ ವಿಷಯದಲ್ಲಿ ಇನ್ನೊಂದು ಗಂಭೀರ ಅಪಾಯವಿದೆ. ಹೊಸ ಮಾಸ್ಟರ್‌ನ ತೂತು ಮೆಟ್ರಿಕ್, ಎಂ10 ಅಥವಾ ಎಂ12. ಅಂಬಾಸಡರ್‌ನ ಹಳೆ ನಟ್ ಇಂಚಿನ ಥ್ರೆಡ್, 3/8 ಯುಎನ್‌ಎಫ್. ಇದು ಎಂ10 ತೂತಿನಲ್ಲಿ ಸಲೀಸಾಗಿ ಇಳಿಯುತ್ತದೆ, ಬಿಗಿದಂತೆಯೂ ಅನಿಸುತ್ತದೆ. ನಿಜವಾಗಿ ಹಿಡಿದಿರುವುದು ಥ್ರೆಡ್‌ನ ತುದಿ ಮಾತ್ರ, ಒತ್ತಡ ಬಿದ್ದಾಗ ಕಿತ್ತು ಬರುತ್ತದೆ. ನಟ್ ಬೆರಳಿನಲ್ಲಿ ತಿರುಗಿಸುವಾಗ ಅಲುಗಾಡಿದರೆ ಅದು ತಪ್ಪು ನಟ್. ಪೈಪಿನ ತುದಿಯೂ ತೂತಿನ ತಳಕ್ಕೆ ಹೊಂದಬೇಕು: ಗುಳ್ಳೆಯಂತೆ ಉಬ್ಬಿಸಿದ ತುದಿ (ಬಬಲ್ ಫ್ಲೇರ್) ಬೇಕಾದಲ್ಲಿ ಒಳಕ್ಕೆ ಮಡಚಿ ಅಗಲಿಸಿದ ತುದಿ (ಡಬಲ್ ಫ್ಲೇರ್) ಕೂರದು. ಫ್ರಿಜ್ ರಿಪೇರಿಯ ತಾಮ್ರದ ಪೈಪ್ ಖಂಡಿತ ಬೇಡ. 4.75 ಮಿ.ಮೀ. ಸ್ಟೀಲ್ ಅಥವಾ ಕಾಪರ್-ನಿಕಲ್ ಬ್ರೇಕ್ ಪೈಪ್ ತನ್ನಿ.

ಹಿಂದೆ ಡ್ರಮ್ ಉಳಿಸಿಕೊಂಡಿದ್ದರೆ ಆ ಲೈನಿಗೆ ಪೆಡಲ್ ಬಿಟ್ಟಾಗಲೂ ಸುಮಾರು 0.7 ಬಾರ್ ಒತ್ತಡ ಉಳಿಸುವ ರೆಸಿಡುಯಲ್ ವಾಲ್ವ್ ಬೇಕಾಗಬಹುದು. ಡಿಸ್ಕ್ ಲೈನಿಗೆ ಅದೇ ವಾಲ್ವ್ ಹಾಕಿದರೆ ಪ್ಯಾಡ್ ಉಜ್ಜುತ್ತಲೇ ಇರುತ್ತದೆ. ಹಿಂದಿನ ಲೈನಿಗೆ ಅಡ್ಜಸ್ಟ್ ಆಗುವ ಪ್ರೊಪೋರ್ಷನಿಂಗ್ ವಾಲ್ವ್ (ಹಿಂದಿನ ಬ್ರೇಕಿನ ಒತ್ತಡ ತಗ್ಗಿಸುವ ವಾಲ್ವ್) ಕಡ್ಡಾಯ ಎಂದೇ ಹೇಳಬೇಕು. ಬೂಸ್ಟರ್ ಬಂದ ಮೇಲೆ ಹಗುರವಾದ ಹಿಂಭಾಗ ಒದ್ದೆ ರಸ್ತೆಯಲ್ಲಿ ಮೊದಲು ಲಾಕ್ ಆಗಿ ಗಾಡಿ ತಿರುಗಿಬಿಡುತ್ತದೆ.

ಬ್ರೇಕ್ ಆಯಿಲ್ ಡಾಟ್ 4, ಒಂದು ಲೀಟರ್, ಸೀಲ್ ಒಡೆಯದ ಡಬ್ಬಿ. ಒಣಗಿದ್ದಾಗ ಅದರ ಕುದಿಬಿಂದು ಕನಿಷ್ಠ 230 ಡಿಗ್ರಿ, ನೀರು ಹೀರಿದ ಮೇಲೆ 155. ತೆರೆದಿಟ್ಟ ಡಬ್ಬಿ ಬೆಳಗಾವಿಯ ಜುಲೈ ಗಾಳಿಯಲ್ಲಿ ಬೇಗ ಕೆಡುತ್ತದೆ. ಮಾಸ್ಟರ್‌ನ ಏರ್ ಮೊದಲು ಮೇಜಿನ ಮೇಲೇ ತೆಗೆಯಿರಿ. ಆಮೇಲೆ ಕೀಲಿ ಬಂದ್ ಇಟ್ಟು ದೂರದ ಗಾಲಿಯಿಂದ ಹತ್ತಿರದ ಗಾಲಿಗೆ ಏರ್ ತೆಗೆಯುತ್ತ ಬನ್ನಿ.

ಇನ್ನು ಕಾನೂನು: ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ಗಾಡಿಯ ಮಾರ್ಪಾಡಿಗೆ ಮಿತಿ ಹಾಕಿದೆ. ಕೆಎ-22 ಗಾಡಿಯಾದರೆ ಫೈರ್‌ವಾಲ್ ಕೊರೆಯುವ ಮುಂಚೆಯೇ ಬೆಳಗಾವಿ ಆರ್‌ಟಿಓದಲ್ಲೂ ವಿಮೆ ಕಂಪನಿಯಲ್ಲೂ ಕೇಳಿ.

ಪರೀಕ್ಷೆ ಖಾಲಿ ಮೈದಾನದಲ್ಲಿ. ಗಾಡಿ ನಿಂತಿರುವಾಗ ಒಂದು ನಿಮಿಷ ಗಟ್ಟಿಯಾಗಿ ತುಳಿದು ಹಿಡಿಯಿರಿ. ಪೆಡಲ್ ಮೆಲ್ಲಗೆ ಇಳಿದರೆ ಎಲ್ಲೋ ಸೋರುತ್ತಿದೆ. ನಂತರ 40 ಆಂಪ್ ಫ್ಯೂಸ್ ಕಿತ್ತು, 20 ಕಿ.ಮೀ. ವೇಗದಲ್ಲಿ ಹೋಗಿ ನಿಲ್ಲಿಸಿ. ಈ ಗಾಡಿ ಓಡಿಸುವ ಮನೆಯವರೆಲ್ಲರೂ ಫ್ಯೂಸ್ ಇಲ್ಲದೆ ಒಮ್ಮೆ ನಿಲ್ಲಿಸಿ ನೋಡಲೇಬೇಕು. ಅವರಲ್ಲಿ ಒಬ್ಬರಿಂದಲಾದರೂ ನಿಲ್ಲಿಸಲು ಆಗದಿದ್ದರೆ ಬೋರ್ ಅಥವಾ ಅನುಪಾತ ಬದಲಾಯಿಸುವ ತನಕ ಗಾಡಿ ರಸ್ತೆಗೆ ಬೇಡ. ಜಾಂಬೋಟಿ ದಾಟಿ ಚೋರ್ಲಾ ಘಾಟ್ ಇಳಿಯುವುದು ಊರೊಳಗೆ ಕೆಲವು ವಾರ ಓಡಿದ ಮೇಲೆ, ಪ್ರತಿ ಜಾಯಿಂಟನ್ನು ಒಣಬಟ್ಟೆಯಿಂದ ಒರೆಸಿ ಆಯಿಲ್ ಜಿನುಗಿಲ್ಲವೆಂದು ಖಾತ್ರಿ ಮಾಡಿಕೊಂಡು, ಗೇರ್ ತಗ್ಗಿಸಿಯೇ.